ನಾಲ್ಕೂ ಗೆರೆ ಇವೆ, ಆದರೂ ದುಡ್ಡು ಯಾಕೆ ಹೋಗುತ್ತಿಲ್ಲ?

ಕೊಪ್ಪಳದ ಗವಿಮಠದ ಜಾತ್ರೆ. ತೇರು ಎಳೆದ ಸಂಜೆ ಬಳೆ ಅಂಗಡಿಯೊಂದರ ಮುಂದೆ ನಿಂತು ಮಗಳಿಗೆ ಎರಡು ಡಜನ್ ಹಸಿರು ಬಳೆ ಕೊಂಡೆ. ಕ್ಯೂಆರ್ ಹಲಗೆಗೆ ಫೋನ್ ಹಿಡಿದು ಪಿನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಉಳಿಯಿತು. ಪಕ್ಕದಲ್ಲಿದ್ದ ಸೌಂಡ್ ಬಾಕ್ಸ್ ಬಾಯಿ ಬಿಡಲಿಲ್ಲ. ಅಂಗಡಿಯ ಅಜ್ಜಿ ನನ್ನ ಫೋನನ್ನು ತಮ್ಮತ್ತ ತಿರುಗಿಸಿಕೊಂಡು ನೋಡಿ, "ನಾಲ್ಕೂ ಗೆರೆ ಇವೆಯಲ್ಲ ತಮ್ಮಾ, ಮತ್ತೆ ದುಡ್ಡು ಯಾಕೆ ಹೋಗುತ್ತಿಲ್ಲ?" ಎಂದರು. ಬಳ್ಳಾರಿಯ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಮೊಬೈಲ್ ಜಾಲಗಳ ಪಾಠ ಮಾಡುತ್ತಿದ್ದೇನೆ. ಆ ಪಾಠದ ತಿರುಳನ್ನೇ ಹಿಡಿದು ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಜೇಬಿನಲ್ಲಿದ್ದ ನೋಟು ಕೊಟ್ಟು ಬಂದೆನಾದರೂ ಅಜ್ಜಿಯ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅದಕ್ಕೆ ಉತ್ತರ ಬರೆಯಲು ಕುಳಿತಿದ್ದೇನೆ.

ಫೋನಿನ ಗೆರೆಗಳು ಹೇಳುವುದು ಒಂದೇ ಸಂಗತಿ: ಟವರ್‌ನ ದನಿ ನಿಮ್ಮ ಫೋನಿಗೆ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದು. ಜಾತ್ರೆಯ ಮೈದಾನದಲ್ಲಿ ಧ್ವನಿವರ್ಧಕದ ಮಾತು ಲಕ್ಷ ಜನರಿಗೂ ಸ್ಪಷ್ಟವಾಗಿ ಕೇಳುತ್ತದೆ. ಆ ಲಕ್ಷ ಜನರೂ ಒಟ್ಟಿಗೆ ಮಾತಾಡಿದರೆ ವೇದಿಕೆಯ ಮೇಲಿದ್ದವರಿಗೆ ಏನು ಕೇಳೀತು? ಟವರ್ ನಿಮಗೆ ಕೇಳುವುದು ಒಂದು, ನೀವು ಟವರ್‌ಗೆ ಕೇಳುವುದು ಇನ್ನೊಂದು, ಕೇಳಿದ ಮೇಲೆ ನಿಮ್ಮ ಕೆಲಸ ನಡೆಯುವುದು ಮತ್ತೊಂದು. ಗೆರೆಗಳಿಗೆ ಮೊದಲನೆಯದು ಮಾತ್ರ ಗೊತ್ತು.

ಮೂರನೆಯದು ನಡೆಯುವುದು ಟವರ್‌ನಲ್ಲಿ ಅಲ್ಲ. ಟವರ್ ಎಂದರೆ ಇಂಟರ್ನೆಟ್ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ನಿಮ್ಮ ರೀಚಾರ್ಜ್ ಯಾವುದು, ಇವತ್ತಿನ ಡೇಟಾ ಎಷ್ಟು ಉಳಿದಿದೆ ಎಂಬುದು ಟವರ್‌ಗೆ ತಿಳಿಯದು. ಇಂಟರ್ನೆಟ್ಟಿನಲ್ಲಿ ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ, ಅಂದರೆ ಐಪಿ ವಿಳಾಸ ಕೂಡ ಅದು ಕೊಟ್ಟದ್ದಲ್ಲ. ಅದೆಲ್ಲ ಇರುವುದು ಟವರ್‌ಗಳ ಹಿಂದೆ, ಎಲ್ಲೋ ದೂರದ ಕಟ್ಟಡದಲ್ಲಿ ನಡೆಯುವ ಕೋರ್ ನೆಟ್‌ವರ್ಕ್‌ನಲ್ಲಿ. ಅಲ್ಲಿ ನಿಮ್ಮ ಫೋನಿನ ಹೆಸರಿನಲ್ಲಿ ಒಂದು ಕಡತ ತೆರೆದಿರುತ್ತದೆ. ಇದಕ್ಕೆ ಈ ವಿಳಾಸ ಕೊಟ್ಟಿದೆ, ಇದಕ್ಕೆ ಬಂದದ್ದನ್ನು ಈ ದಾರಿಯಲ್ಲಿ ಕಳಿಸಬೇಕು, ಈ ವೇಗ ಮೀರಬಾರದು, ಇಲ್ಲಿಯವರೆಗೆ ಇಷ್ಟು ಬಳಕೆಯಾಗಿದೆ ಎಂದು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತಿರುವ ಕಡತ. ಈ ಕಡತಕ್ಕೇ ಸೆಷನ್ ಎನ್ನುತ್ತಾರೆ. ಅದನ್ನು ತೆರೆಯುವುದು, ಕಾಯುವುದು, ಫೋನ್ ಹೋದಲ್ಲಿಗೆ ಅದರ ದಾರಿಯನ್ನು ತಿರುಗಿಸುವುದು, ಮುಚ್ಚುವುದು, ಇವೆಲ್ಲ ಸೇರಿ ಸೆಷನ್ ನಿರ್ವಹಣೆ.

ಕಾಲುವೆಯೂ ಕಚೇರಿಯೂ

ನಮ್ಮ ಭಾಗದವರಿಗೆ ಇದನ್ನು ತಿಳಿಸಲು ಕಾಲುವೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳ ಗದ್ದೆಗಳಿಗೆ ಹರಿಯುತ್ತದೆ. ಯಾವತ್ತಿನಿಂದ ಯಾವತ್ತಿನವರೆಗೆ, ಎಷ್ಟು ಕ್ಯೂಸೆಕ್ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಎಂಜಿನಿಯರ್ ಕಚೇರಿ ಅದನ್ನು ಒಂದೊಂದು ವಿತರಣಾ ಕಾಲುವೆಯ ಲೆಕ್ಕಕ್ಕೆ ಇಳಿಸುತ್ತದೆ. ತೂಬಿನ ಬಳಿ ಇರುವ ಸಿಬ್ಬಂದಿ ಗೇಟ್ ಎತ್ತುತ್ತಾರೆ, ಇಳಿಸುತ್ತಾರೆ, ಗೇಜ್ ನೋಡಿ ಬರೆದುಕೊಳ್ಳುತ್ತಾರೆ. ಸಮಿತಿಯ ಆದೇಶ ಕಾಲುವೆಯಲ್ಲಿ ತೇಲಿಕೊಂಡು ಬರುವುದಿಲ್ಲ. ಕಾಲುವೆಯ ನೀರೂ ಕಚೇರಿಯೊಳಗೆ ಹರಿದು ಹೋಗುವುದಿಲ್ಲ. ಅಪ್ಪಣೆಗೆ ಒಂದು ದಾರಿ, ನೀರಿಗೆ ಇನ್ನೊಂದು ದಾರಿ.

5ಜಿ ಕೋರ್ ಕಟ್ಟಿರುವುದು ಇದೇ ರೀತಿಯಲ್ಲಿ. ಎಂಜಿನಿಯರ್ ಕಚೇರಿಯ ಜಾಗದಲ್ಲಿ ಎಸ್‌ಎಂಎಫ್ ಎಂಬ ತಂತ್ರಾಂಶವಿದೆ. ಸೆಷನ್‌ಗಳ ಕಡತವೆಲ್ಲ ಇದರ ವಶ. ತೂಬಿನ ಜಾಗದಲ್ಲಿ ಯುಪಿಎಫ್ ಇದೆ. ನೀವು ನೋಡುವ ವಿಡಿಯೊ, ಕಳಿಸುವ ಫೋಟೊ, ಕಟ್ಟುವ ದುಡ್ಡಿನ ಸಂದೇಶ ಎಲ್ಲವೂ ಇದರ ಮೂಲಕವೇ ಹಾದು ಇಂಟರ್ನೆಟ್ ಸೇರಬೇಕು. ಯಾರಿಗೆ ಎಷ್ಟು ವೇಗ, ಯಾವುದಕ್ಕೆ ಆದ್ಯತೆ ಎಂದು ಹೇಳುವ ಸಲಹಾ ಸಮಿತಿ ಪಿಸಿಎಫ್. ಪಹಣಿ ಪುಸ್ತಕದಂತೆ ಚಂದಾದಾರರ ಮೂಲ ದಾಖಲೆ ಹಿಡಿದಿರುವುದು ಯುಡಿಎಂ. ಇವುಗಳ ಜೊತೆ ಎಎಂಎಫ್ ಎಂಬುದೊಂದಿದೆ. ಫೋನ್ ಯಾರದು, ಈಗ ಯಾವ ಪ್ರದೇಶದಲ್ಲಿದೆ ಎಂದು ನೋಡಿಕೊಳ್ಳುವುದು ಅದರ ಕೆಲಸ. ಸೆಷನ್‌ನ ಒಳಗೆ ಏನಿದೆ ಎಂಬ ಗೊಡವೆಗೆ ಅದು ಹೋಗುವುದಿಲ್ಲ. ಬಂದ ಕಾಗದವನ್ನು ಎಸ್‌ಎಂಎಫ್‌ಗೆ ಮುಟ್ಟಿಸಿ ಸುಮ್ಮನಾಗುತ್ತದೆ.

4ಜಿಯಲ್ಲಿ ಕಚೇರಿ ಮತ್ತು ತೂಬು ಇಷ್ಟು ಬೇರೆಬೇರೆಯಾಗಿರಲಿಲ್ಲ. ಅಲ್ಲಿಯ ಪಿಜಿಡಬ್ಲ್ಯು ಎಂಬ ಒಂದೇ ಯಂತ್ರ ವಿಳಾಸವನ್ನೂ ಕೊಡುತ್ತಿತ್ತು, ಮಾಹಿತಿಯನ್ನೂ ಸಾಗಿಸುತ್ತಿತ್ತು. ಜನ ವಿಡಿಯೊ ನೋಡುವುದು ಹೆಚ್ಚಿದಂತೆ ತೂಬುಗಳನ್ನು ಹೆಚ್ಚಿಸಬೇಕಾಯಿತು. ಅದಕ್ಕಾಗಿ ಪ್ರತಿ ಸಲವೂ ಕಚೇರಿಯನ್ನೂ ಕಟ್ಟುವುದು ದುಂದು. ಹಾಗಾಗಿ ಮೊಬೈಲ್ ಜಾಲಗಳ ಮಾನದಂಡ ಬರೆಯುವ 3ಜಿಪಿಪಿ ಸಂಸ್ಥೆ ತನ್ನ 14ನೇ ಆವೃತ್ತಿಯಲ್ಲಿ ಇವೆರಡನ್ನೂ ಬೇರ್ಪಡಿಸುವ ಕ್ರಮ ತಂದಿತು. 15ನೇ ಆವೃತ್ತಿಯಲ್ಲಿ ಬಂದ 5ಜಿ ಕೋರ್ ಹುಟ್ಟಿದ್ದೇ ಹಾಗೆ. ಭಾರತದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಒಂದು ಮಾತು ನೆನಪಿರಲಿ: ಫೋನಿನಲ್ಲಿ 5ಜಿ ಎಂದು ಕಂಡರೂ ಹಿಂದಿರುವ ಕೋರ್ 4ಜಿಯದೇ ಇರಬಹುದು. ಟವರ್ ಹೊಸದು, ಕಚೇರಿ ಹಳೆಯದು ಎಂಬ ಏರ್ಪಾಡೂ ಮಾನದಂಡದಲ್ಲಿದೆ. ಹೆಸರುಗಳು ಬದಲಾಗುತ್ತವೆ, ಮುಂದೆ ಹೇಳುವ ಕಥೆ ಹೆಚ್ಚುಕಡಿಮೆ ಎರಡಕ್ಕೂ ಒಂದೇ.

ಕಡತ ತೆರೆಯುವ ಹೊತ್ತು

ಫೋನ್ ಆನ್ ಮಾಡಿದಾಗ ಮೊದಲು ನಡೆಯುವುದು ನೋಂದಣಿ. ಸಿಮ್ ಅಸಲಿಯೋ ಅಲ್ಲವೋ ಎಂದು ಪರೀಕ್ಷೆ ನಡೆಯುತ್ತದೆ, ಎಎಂಎಫ್ ನಿಮ್ಮನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. 4ಜಿಯಲ್ಲಿ ನೋಂದಣಿಯ ಜೊತೆಗೇ ಸಾಮಾನ್ಯವಾಗಿ ಒಂದು ಸೆಷನ್ ಕೂಡ ಸಿಗುತ್ತಿತ್ತು. 5ಜಿಯಲ್ಲಿ ಇವೆರಡೂ ಬೇರೆ. ನೋಂದಣಿಯಾಗಿದೆ, ಸೆಷನ್ ಇಲ್ಲ ಎಂಬ ಸ್ಥಿತಿ ಅಲ್ಲಿ ಸಹಜ. ಛತ್ರದ ಪುಸ್ತಕದಲ್ಲಿ ಹೆಸರು ಬರೆಸಿದ್ದಾಯಿತು, ಕೋಣೆ ಇನ್ನೂ ಕೇಳಿಲ್ಲ ಎಂದಂತೆ.

ಕೋಣೆ ಕೇಳುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇಡೀ ವಿಷಯದ ಕೀಲಿ ಇಲ್ಲಿದೆ. ಫೋನ್ ಒಂದು ಕೋರಿಕೆ ಕಳಿಸುತ್ತದೆ. ಅದರಲ್ಲಿ ಸೆಷನ್‌ಗೆ ತಾನೇ ಒಂದು ಸಂಖ್ಯೆ ಇಡುತ್ತದೆ, 1ರಿಂದ 15ರೊಳಗೆ. ಯಾವ ಜಾಲಕ್ಕೆ ಹೋಗಬೇಕು ಎಂದೂ ಬರೆಯುತ್ತದೆ: ಸಾಮಾನ್ಯ ಇಂಟರ್ನೆಟ್ಟೋ, ಕರೆಗಳ ಜಾಲವೋ, ಯಾವುದೋ ಕಂಪನಿಯ ಖಾಸಗಿ ಜಾಲವೋ. ಹಳೆಯ ಫೋನ್‌ಗಳ ಸೆಟ್ಟಿಂಗ್‌ನಲ್ಲಿ ಎಪಿಎನ್ ಎಂದು ತುಂಬುತ್ತಿದ್ದೆವಲ್ಲ, ಅದೇ ಇದು. ಎಎಂಎಫ್ ಈ ಕೋರಿಕೆಗೆ ತಕ್ಕ ಎಸ್‌ಎಂಎಫ್ ಒಂದನ್ನು ಹುಡುಕಿ ಒಪ್ಪಿಸುತ್ತದೆ. ಎಸ್‌ಎಂಎಫ್ ಯುಡಿಎಂನಲ್ಲಿ ನಿಮ್ಮ ದಾಖಲೆ ನೋಡುತ್ತದೆ, ಪಿಸಿಎಫ್‌ನ ಅಭಿಪ್ರಾಯ ಪಡೆಯುತ್ತದೆ, ಒಂದು ಯುಪಿಎಫ್ ಆರಿಸುತ್ತದೆ, ನಿಮಗೊಂದು ಐಪಿ ವಿಳಾಸ ಗೊತ್ತುಮಾಡುತ್ತದೆ.

ಇನ್ನು ದಾರಿ ಹಾಕಬೇಕು. ಟವರ್ ಮತ್ತು ಯುಪಿಎಫ್ ನಡುವೆ ಬಹಳ ಜನರ ಮಾಹಿತಿ ಒಂದೇ ತಂತಿಯಲ್ಲಿ ಹರಿಯುತ್ತಿರುತ್ತದೆ. ಅದರಲ್ಲಿ ನಿಮ್ಮದು ಯಾವುದು ಎಂದು ಹೇಗೆ ತಿಳಿಯಬೇಕು? ಲಕೋಟೆಯೊಳಗೆ ಲಕೋಟೆ ಇಟ್ಟು ಕಳಿಸುತ್ತಾರೆ. ಒಳಗಿನ ಲಕೋಟೆಯ ಮೇಲೆ ನಿಮ್ಮ ಐಪಿ ವಿಳಾಸ, ನೀವು ತಲುಪಬೇಕಾದ ಸರ್ವರ್‌ನ ವಿಳಾಸ. ಹೊರಗಿನ ಲಕೋಟೆಯ ಮೇಲೆ ಟವರ್‌ನ ವಿಳಾಸ, ಯುಪಿಎಫ್‌ನ ವಿಳಾಸ, ಜೊತೆಗೆ ಒಂದು ಸಂಖ್ಯೆ. ಈ ವ್ಯವಸ್ಥೆಗೆ ಟನೆಲ್, ಅಂದರೆ ಸುರಂಗ, ಎಂದು ಹೆಸರು; ಆ ಸಂಖ್ಯೆಯೇ ಸುರಂಗದ ಗುರುತು. ಅದು 32 ಬಿಟ್‌ನದು, ಆದ್ದರಿಂದ 429 ಕೋಟಿಗೂ ಹೆಚ್ಚು ಬೇರೆಬೇರೆ ಗುರುತುಗಳು ಸಾಧ್ಯ.

ಸುರಂಗದ ಗುರುತನ್ನು ಯಾರು ಇಡಬೇಕು? ಪಡೆಯುವವರೇ ಇಡಬೇಕು ಎಂಬುದು ನಿಯಮ, ನನಗೆ ಬಹಳ ಇಷ್ಟವಾದ ನಿಯಮ. "ನನಗೆ ಈ ಗ್ರಾಹಕರ ಮಾಹಿತಿ ಕಳಿಸುವಾಗ ಈ ಸಂಖ್ಯೆ ಬರೆದು ಕಳಿಸಿ" ಎಂದು ಯುಪಿಎಫ್ ಕಡೆಯ ಸಂಖ್ಯೆ ಎಸ್‌ಎಂಎಫ್ ಮೂಲಕ ಟವರ್‌ಗೆ ಹೋಗುತ್ತದೆ. "ನನಗೆ ಕಳಿಸುವಾಗ ಇದನ್ನು ಬರೆಯಿರಿ" ಎಂದು ಟವರ್ ತನ್ನ ಸಂಖ್ಯೆಯನ್ನು ಹಿಂದಕ್ಕೆ ತಿಳಿಸುತ್ತದೆ. ಎಸ್‌ಎಂಎಫ್ ಅದನ್ನು ಯುಪಿಎಫ್‌ಗೆ ಮುಟ್ಟಿಸುತ್ತದೆ. ಬೀಗರ ಮನೆಗಳು ವಿಳಾಸ ಬದಲಾಯಿಸಿಕೊಂಡಂತೆ. ಎರಡೂ ಸಂಖ್ಯೆ ಎರಡೂ ಕಡೆ ಸೇರಿದ ಗಳಿಗೆಗೆ ದಾರಿ ಸಿದ್ಧ. ಎಲ್ಲ ಸರಿಯಿದ್ದರೆ ಇಷ್ಟೂ ಕೆಲಸ ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ.

ಎಸ್‌ಎಂಎಫ್ ಯುಪಿಎಫ್‌ಗೆ ಕೊಡುವ ಅಪ್ಪಣೆಗಳೂ ಸರಳವಾದವು. ಈ ಗುರುತಿನ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಬಂದರೆ ಹಿಡಿ. ಹಿಡಿದದ್ದನ್ನು ಇಲ್ಲಿಗೆ ಕಳಿಸು, ಇಲ್ಲವೇ ತಡೆದಿಡು. ಈ ವೇಗಕ್ಕಿಂತ ಹೆಚ್ಚು ಬಿಡಬೇಡ. ಎಷ್ಟು ಹೋಯಿತು ಎಂದು ಅಳೆದು ಹೇಳು. ತೂಬಿನವರಿಗೆ ಹೇಳುವ ಮಾತೇ ಇದು. ಈ ನಾಲ್ಕು ಬಗೆಯ ಅಪ್ಪಣೆಗಳನ್ನು ಹೊಂದಿಸಿ, ತಿದ್ದಿ, ಮೊಬೈಲ್ ಡೇಟಾದ ಬಹುಪಾಲು ವ್ಯವಹಾರ ನಡೆಯುತ್ತದೆ.

ಒಂದು ಫೋನಿಗೆ ಒಂದೇ ಸೆಷನ್ ಇರಬೇಕೆಂದೇನೂ ಇಲ್ಲ. ಡೇಟಾ ಆಫ್ ಮಾಡಿದ್ದರೂ ವೋಲ್ಟೆ ಕರೆ, ಅಂದರೆ 4ಜಿ ಜಾಲದ ಮೇಲೆಯೇ ಸಾಗುವ ಕರೆ, ಹೇಗೆ ಹೋಗುತ್ತದೆ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಕರೆಗಳಿಗೆ ಐಎಂಎಸ್ ಎಂಬ ಬೇರೆ ಜಾಲವಿದೆ, ಅದಕ್ಕೆ ಬೇರೆಯೇ ಸೆಷನ್, ಬೇರೆಯೇ ಐಪಿ ವಿಳಾಸ. ಡೇಟಾ ಬಟನ್ ಒತ್ತಿದಾಗ ಮುಚ್ಚುವುದು ಇಂಟರ್ನೆಟ್ ಸೆಷನ್ ಮಾತ್ರ. ಕರೆ ಬಂದಾಗ ಆ ಐಎಂಎಸ್ ಸೆಷನ್‌ನೊಳಗೆ ಮಾತಿಗೆಂದೇ ಒಂದು ಮೀಸಲು ಹರಿವನ್ನು ತೆರೆಯುತ್ತಾರೆ, ಕರೆ ಮುಗಿದೊಡನೆ ಮುಚ್ಚುತ್ತಾರೆ. ಮಾತಿನ ಹರಿವಿಗೆ ಮಾನದಂಡ ಕೊಟ್ಟಿರುವ ಗಡುವು 100 ಮಿಲಿಸೆಕೆಂಡ್. ಸಾಮಾನ್ಯ ಇಂಟರ್ನೆಟ್ಟಿಗೆ 300. ಆದರೆ ಮಾತಿನಲ್ಲಿ ನೂರಕ್ಕೊಂದು ಪ್ಯಾಕೆಟ್ ಕಳೆದುಹೋದರೂ ಒಪ್ಪಿಗೆ. ಇಂಟರ್ನೆಟ್ಟಿನಲ್ಲಿ ಹತ್ತು ಲಕ್ಷಕ್ಕೆ ಒಂದು. ಮಾತಿನ ಒಂದು ಚೂರು ಬಿದ್ದುಹೋದರೆ ಕಿವಿ ಗಮನಿಸುವುದಿಲ್ಲ; ತಡವಾದರೆ ಇಬ್ಬರ ಮಾತೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಹಣ ಕಳಿಸುವ ಸಂದೇಶಕ್ಕೆ ಇದು ಪೂರ್ತಿ ತಿರುಗುಮುರುಗು: ಅರೆಕ್ಷಣ ತಡವಾಗಲಿ, ಒಂದು ಅಂಕೆಯೂ ಕಳೆಯಬಾರದು.

ಹೊಲವೇ ರೈಲು ಹತ್ತಿದರೆ

ಕಾಲುವೆಯ ಹೋಲಿಕೆ ಇಲ್ಲಿಯವರೆಗೆ ಚೆನ್ನಾಗಿ ನಡೆಯಿತು. ಆದರೆ ಹೊಲ ಇದ್ದಲ್ಲೇ ಇರುತ್ತದೆ, ಫೋನ್ ಇರುವುದಿಲ್ಲ. ಬಳ್ಳಾರಿಯಲ್ಲಿ ನಿಮ್ಮ ಹೊಲವೇ ರೈಲು ಹತ್ತಿ, ತೋರಣಗಲ್ಲು, ಹೊಸಪೇಟೆ, ಮುನಿರಾಬಾದ್, ಗಿಣಿಗೇರಾ ದಾಟಿ ಕೊಪ್ಪಳದಲ್ಲಿ ಇಳಿಯುತ್ತದೆ ಎಂದುಕೊಳ್ಳಿ. ದಾರಿಯುದ್ದಕ್ಕೂ ನೀರು ಒಂದು ಕ್ಷಣವೂ ನಿಲ್ಲಬಾರದು. ಸೆಷನ್ ನಿರ್ವಹಣೆಯ ಅಸಲಿ ಕೌಶಲ ಇರುವುದು ಇಲ್ಲಿ.

ಈ ಪ್ರಯಾಣದಲ್ಲಿ ಫೋನ್ ಹತ್ತಾರು ಟವರ್‌ಗಳನ್ನು ದಾಟುತ್ತದೆ. ಟವರ್ ಬದಲಾದಾಗಲೆಲ್ಲ ಐಪಿ ವಿಳಾಸವೂ ಬದಲಾದರೆ ವಿಡಿಯೊ ಕರೆ ಕಡಿದುಬೀಳುತ್ತದೆ, ಬ್ಯಾಂಕಿನ ಆ್ಯಪ್ ಮತ್ತೆ ಲಾಗಿನ್ ಕೇಳಬಹುದು. ಹಾಗಾಗದಂತೆ ವಿಳಾಸವನ್ನು ಯುಪಿಎಫ್‌ಗೆ ಕಟ್ಟಿಹಾಕಿರುತ್ತಾರೆ. ನಿಮ್ಮ ಯುಪಿಎಫ್ ಬೆಂಗಳೂರಿನಲ್ಲೇ ಇರಲಿ, ಹೈದರಾಬಾದಿನಲ್ಲೇ ಇರಲಿ, ಹೊರಗಿನ ಲೋಕಕ್ಕೆ ನೀವು ಅಲ್ಲೇ ನಿಂತಿರುವಂತೆ ಕಾಣುತ್ತೀರಿ. ಅಲ್ಲಿಂದ ಈಚೆಗಿನ ಸುರಂಗದ ತುದಿ ಮಾತ್ರ ತೋರಣಗಲ್ಲಿನ ಟವರ್‌ನಿಂದ ಮುಂದಿನದಕ್ಕೆ, ಅದರಿಂದ ಅದರ ಮುಂದಿನದಕ್ಕೆ ಸರಿಯುತ್ತಾ ಹೋಗುತ್ತದೆ. ಹೊಸ ಟವರ್ ತನ್ನ ಗುರುತಿನ ಸಂಖ್ಯೆ ಕೊಡುತ್ತದೆ. ಎಎಂಎಫ್ ಎಸ್‌ಎಂಎಫ್‌ಗೆ ಹೇಳುತ್ತದೆ. ಎಸ್‌ಎಂಎಫ್ ಯುಪಿಎಫ್‌ಗೆ "ಇನ್ನು ಮುಂದೆ ಈ ಸಂಖ್ಯೆಗೆ ಕಳಿಸು" ಎಂದು ಕಡತದಲ್ಲಿ ಒಂದೇ ಸಾಲು ತಿದ್ದಿಸುತ್ತದೆ.

ಒಂದೇ ಸಾಲಿನ ತಿದ್ದುಪಡಿ, ಆದರೆ ಅದರ ನಡುವೆ ಒಂದು ಬಿಕ್ಕಟ್ಟಿದೆ. ಯುಪಿಎಫ್ ದಾರಿ ತಿರುಗಿಸುವ ಹೊತ್ತಿಗೆ ಕೆಲವು ಪ್ಯಾಕೆಟ್‌ಗಳು ಹಳೆಯ ಟವರ್‌ಗೆ ಹೊರಟುಬಿಟ್ಟಿರುತ್ತವೆ. ಹಳೆಯ ಟವರ್ ಅವುಗಳನ್ನು ಚೆಲ್ಲುವುದಿಲ್ಲ, ಹೊಸ ಟವರ್‌ಗೆ ದಾಟಿಸುತ್ತದೆ. ಅಷ್ಟರಲ್ಲಿ ಹೊಸ ದಾರಿಯಲ್ಲಿ ಹೊಸ ಪ್ಯಾಕೆಟ್‌ಗಳೂ ಬರತೊಡಗುತ್ತವೆ. ಎರಡೂ ಬೆರೆತರೆ ಸಾಲು ತಪ್ಪುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಎಷ್ಟು ಚೊಕ್ಕ ನೋಡಿ. ದಾರಿ ತಿರುಗಿಸಿದ ಮೇಲೆ ಯುಪಿಎಫ್ ಹಳೆಯ ದಾರಿಯಲ್ಲಿ ಒಂದು ಖಾಲಿ ಪ್ಯಾಕೆಟ್ ಕಳಿಸುತ್ತದೆ. ಎಂಡ್ ಮಾರ್ಕರ್ ಎಂದು ಅದರ ಹೆಸರು. "ಹಳೆಯ ದಾರಿಯಲ್ಲಿ ಬರುವವರು ಇನ್ನಾರೂ ಇಲ್ಲ, ನಾನೇ ಕೊನೆ" ಎಂದಷ್ಟೇ ಅದರ ಅರ್ಥ. ಅದು ಹಳೆಯ ಟವರ್ ಹಾದು ಹೊಸ ಟವರ್ ತಲುಪುವವರೆಗೆ, ನೇರವಾಗಿ ಬಂದವು ಕಾದಿರುತ್ತವೆ. ದಿಬ್ಬಣದಲ್ಲಿ ಹಿಂದುಳಿದವರು ಬಂದು ಸೇರುವವರೆಗೆ ಮೊದಲ ಗಾಡಿ ಊರ ಬಾಗಿಲಲ್ಲಿ ನಿಂತಂತೆ. ರೈಲಿನಲ್ಲಿ ಕುಳಿತು ಮಾತಾಡುತ್ತಿರುವವರಿಗೆ ಇದ್ಯಾವುದರ ಸುಳಿವೂ ಸಿಗುವುದಿಲ್ಲ. ನಾನಂತೂ ಈ ಮಾರ್ಗದಲ್ಲಿ ಹೋಗುವಾಗಲೆಲ್ಲ ಕಿಟಕಿಯಾಚೆ ಒಂದು ಟವರ್ ಹಿಂದೆ ಸರಿದಾಗ ಆ ಖಾಲಿ ಪ್ಯಾಕೆಟ್ಟನ್ನು ನೆನೆಯುತ್ತೇನೆ.

ಬಹಳ ದೂರ ಹೋದಾಗ ಅದೇ ಹಳೆಯ ಯುಪಿಎಫ್ ಹಿಡಿದುಕೊಂಡಿರುವುದು ಸುತ್ತುದಾರಿಯಾಗುತ್ತದೆ. 5ಜಿ ಇದಕ್ಕೆ ಮೂರು ರೀತಿ ಇಟ್ಟಿದೆ. ಏನೇ ಆದರೂ ವಿಳಾಸ ಬದಲಾಯಿಸದಿರುವುದು ಮೊದಲನೆಯದು. ಹಳೆಯದನ್ನು ಬಿಟ್ಟು ಆಮೇಲೆ ಹೊಸದನ್ನು ಹಿಡಿಯುವುದು ಎರಡನೆಯದು. ಹೊಸದನ್ನು ಹಿಡಿದ ಮೇಲೆ ಹಳೆಯದನ್ನು ಬಿಡುವುದು ಮೂರನೆಯದು. ಇನ್ನು ರಾಯಚೂರಿನಿಂದ ಕೃಷ್ಣೆ ದಾಟಿ ತೆಲಂಗಾಣಕ್ಕೆ ಹೋಗುವವರ ಕಥೆ ಸ್ವಲ್ಪ ಬೇರೆ. ದೂರಸಂಪರ್ಕಕ್ಕೆಂದು ದೇಶವನ್ನು 22 ವಲಯಗಳಾಗಿ ಹಂಚಿದ್ದಾರೆ, ನದಿಯ ಆಚೆ ವಲಯ ಬೇರೆ. ಅಲ್ಲಿಯ ಕೋರ್ ನಿಮ್ಮ ನೋಂದಣಿಯನ್ನು ವಹಿಸಿಕೊಳ್ಳುತ್ತದೆ. ಮಾಹಿತಿಯನ್ನು ತವರಿನ ತೂಬಿಗೇ ಕಳಿಸಬೇಕೋ ಅಲ್ಲೇ ಬಿಡಬೇಕೋ ಎಂಬುದು ಕಂಪನಿಯ ಏರ್ಪಾಡಿಗೆ ಬಿಟ್ಟದ್ದು.

ಮಲಗಿದ ಫೋನನ್ನು ಎಬ್ಬಿಸುವುದು

ಬಳೆ ಅಂಗಡಿಯ ಸೌಂಡ್ ಬಾಕ್ಸ್‌ಗೆ ಮರಳೋಣ. ಆ ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ, ಅದಕ್ಕೂ ಒಂದು ಸೆಷನ್ ಇರುತ್ತದೆ. ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಅದು ಏನನ್ನೂ ಕಳಿಸದೆ, ಪಡೆಯದೆ ಕುಳಿತಿರುತ್ತದೆ. ಟವರ್ ಸ್ವಲ್ಪ ಹೊತ್ತು ನೋಡಿ, ಇದಕ್ಕೆ ಕೊಟ್ಟ ರೇಡಿಯೊ ದಾರಿಯನ್ನು ಹಿಂತೆಗೆದುಕೊಂಡು ಬೇರೆಯವರಿಗೆ ಕೊಡುತ್ತದೆ. ಪೆಟ್ಟಿಗೆ ನಿದ್ದೆಗೆ ಜಾರುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಆದರೆ ಕೋರ್‌ನಲ್ಲಿ ಅದರ ಕಡತ ಮುಚ್ಚಿಲ್ಲ. ವಿಳಾಸ ಹಾಗೆಯೇ ಇದೆ. ಯುಪಿಎಫ್‌ಗೆ ಇರುವ ಅಪ್ಪಣೆ ಮಾತ್ರ ಬದಲಾಗಿದೆ: "ಇದಕ್ಕೆ ಏನಾದರೂ ಬಂದರೆ ಕಳಿಸಬೇಡ, ಹಿಡಿದಿಟ್ಟುಕೊಂಡು ನನಗೆ ಹೇಳು."

ಯಾರೋ ಅರವತ್ತು ರೂಪಾಯಿ ಪಾವತಿ ಮಾಡುತ್ತಾರೆ. ಪಾವತಿ ಸಂಸ್ಥೆಯ ಸರ್ವರ್‌ನಿಂದ ಹೊರಟ ಸಂದೇಶ ಯುಪಿಎಫ್ ತಲುಪುತ್ತದೆ. ಯುಪಿಎಫ್ ಅದನ್ನು ಕೈಯಲ್ಲಿ ಹಿಡಿದು ಎಸ್‌ಎಂಎಫ್‌ಗೆ ತಿಳಿಸುತ್ತದೆ, ಎಸ್‌ಎಂಎಫ್ ಎಎಂಎಫ್‌ಗೆ ಹೇಳುತ್ತದೆ. ಪೆಟ್ಟಿಗೆ ಯಾವ ಟವರ್ ಕೆಳಗಿದೆ ಎಂದು ಎಎಂಎಫ್‌ಗೂ ಖಚಿತವಾಗಿ ಗೊತ್ತಿಲ್ಲ. ಯಾವ ಪ್ರದೇಶದಲ್ಲಿದೆ ಎಂದಷ್ಟೇ ಗೊತ್ತು. ಆದ್ದರಿಂದ ಆ ಪ್ರದೇಶದ ಟವರ್‌ಗಳಿಂದ ಅದರ ಹೆಸರು ಹಿಡಿದು ಡಂಗುರ ಹೊಡೆಸುತ್ತದೆ. ಪೇಜಿಂಗ್ ಎನ್ನುವುದು ಇದನ್ನೇ. ಮಲಗಿದ ಸಾಧನ ಪೂರ್ತಿ ಮೈಮರೆತಿರುವುದಿಲ್ಲ, ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಒಂದು ಕಿವಿ ತೆರೆದು ತನ್ನ ಹೆಸರು ಬಂತೇ ಎಂದು ಆಲಿಸುತ್ತದೆ. ಬಂದರೆ ಎದ್ದು ಓಗೊಡುತ್ತದೆ. ಅದೇ ಹೊತ್ತಿಗೆ ತನ್ನ ಬಳಿ ಯಾವ ಯಾವ ಸಂಖ್ಯೆಯ ಸೆಷನ್‌ಗಳು ತೆರೆದಿವೆ ಎಂದೂ ಹೇಳಿ, ಕೋರ್‌ನ ಲೆಕ್ಕದೊಡನೆ ತಾಳೆ ನೋಡಿಸಿಕೊಳ್ಳಬಹುದು. ಟವರ್ ಹೊಸ ದಾರಿ ಕೊಡುತ್ತದೆ, ಯುಪಿಎಫ್ ಹಿಡಿದಿಟ್ಟದ್ದನ್ನು ಬಿಡುತ್ತದೆ, ಪೆಟ್ಟಿಗೆ ಕೂಗುತ್ತದೆ. ಗದ್ದೆಯ ಬದಿಯ ಮೋಟಾರಿಗೆ ಡೇಟಾದಿಂದ ನಡೆಯುವ ಮೊಬೈಲ್ ಸ್ಟಾರ್ಟರ್ ಕೂಡಿಸಿದ ರೈತರು ಮನೆಯಿಂದಲೇ ಪಂಪ್ ಚಾಲೂ ಮಾಡುವುದೂ ಮಲಗಿದ ಸಿಮ್‌ನ ಸೆಷನ್ ಬದುಕಿರುವುದರಿಂದಲೇ.

ಗೇಜ್‌ನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಿನಕ್ಕೆ ಇಷ್ಟು ಜಿಬಿ ಎಂಬ ಪ್ಲಾನ್‌ನಲ್ಲಿ ಬಳಕೆಯನ್ನು ಅಳೆಯುವುದು ಯುಪಿಎಫ್. ಬಿಲ್ಲಿಂಗ್ ವ್ಯವಸ್ಥೆ ಒಮ್ಮೆಲೇ ಪೂರ್ತಿ ಪಾಲು ಕೊಡದೆ ಸ್ವಲ್ಪ ಸ್ವಲ್ಪವೇ ಮಂಜೂರು ಮಾಡುತ್ತದೆ; ಅದು ತೀರುವ ಮುನ್ನ ಯುಪಿಎಫ್ ವರದಿ ಕಳಿಸುತ್ತದೆ, ಮತ್ತಷ್ಟು ಮಂಜೂರಾಗುತ್ತದೆ. ದಿನದ ಪಾಲು ಮುಗಿದಾಗ ಸೆಷನ್ ಮುಚ್ಚುವುದಿಲ್ಲ. ವೇಗದ ಮಿತಿಯ ಆ ಒಂದು ಅಪ್ಪಣೆಯನ್ನು ತಿದ್ದಿ, 64 ಕೆಬಿಪಿಎಸ್‌ನಂಥ ಸಣ್ಣ ಧಾರೆಗೆ ಇಳಿಸುತ್ತಾರೆ. ಗೇಟ್ ಒಂದು ಬೆರಳು ಮಾತ್ರ ತೆರೆದಿಟ್ಟಂತೆ. ವಿಳಾಸ ಅದೇ, ಸುರಂಗ ಅದೇ.

ಮತ್ತೆ ಜಾತ್ರೆಗೆ

ಈಗ ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಆ ಸಂಜೆ ಮೈದಾನದಲ್ಲಿದ್ದ ಬಹುತೇಕ ಎಲ್ಲರ ಸೆಷನ್‌ಗಳೂ ಕೋರ್‌ನಲ್ಲಿ ನೆಟ್ಟಗೇ ಇದ್ದಿರಬೇಕು. ನನ್ನ ಕಡತವೂ ತೆರೆದೇ ಇತ್ತು ಎಂಬುದು ನನ್ನ ತರ್ಕ, ಏಕೆಂದರೆ ಜನ ಚದುರಿದ ಮೇಲೆ ಫೋನ್ ತಾನಾಗಿಯೇ ಚುರುಕಾಯಿತು. ಸಿಗದಿದ್ದದ್ದು ಟವರ್‌ನಿಂದ ನನ್ನ ಕೈವರೆಗಿನ ಕೊನೆಯ ಮಾರು. ಮಲಗಿದ ಫೋನ್ ಏಳಬೇಕಾದರೆ ಮೊದಲು ಟವರ್ ಮುಂದೆ ಕೈ ಎತ್ತಬೇಕು. ಕೈ ಎತ್ತಲು ಒಂದು ಸೆಲ್‌ಗೆ, ಅಂದರೆ ಟವರ್ ಆವರಿಸುವ ಒಂದು ಭಾಗಕ್ಕೆ, 64 ಗುರುತುಗಳಿವೆ. ಫೋನ್ ಅವುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಳ್ಳುತ್ತದೆ. ಒಂದೇ ಗಳಿಗೆಯಲ್ಲಿ ಇಬ್ಬರು ಒಂದೇ ಗುರುತು ಎತ್ತಿದರೆ ಇಬ್ಬರಲ್ಲಿ ಒಬ್ಬರಾದರೂ, ಎಷ್ಟೋ ಸಲ ಇಬ್ಬರೂ, ಹಿಂದೆ ಸರಿದು ಮತ್ತೆ ಪ್ರಯತ್ನಿಸಬೇಕು. ಸಾವಿರಾರು ಫೋನ್‌ಗಳು ಒಮ್ಮೆಗೇ ಕೈ ಎತ್ತಿದರೆ ಏನಾಗುತ್ತದೆ ಎಂದು ದಾಸೋಹದ ಬಾಗಿಲಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ದಾಸೋಹದಲ್ಲಾದರೂ ಸಾಲು ಇದೆ, ಸ್ವಯಂಸೇವಕರಿದ್ದಾರೆ, ಎಲ್ಲರಿಗೂ ಊಟ ಸಿಗುತ್ತದೆ. ಟವರ್ ಮುಂದೆ ಮೊದಲ ಮಾತಿಗೆ ಸಾಲೇ ಇಲ್ಲ. ಈ ಗದ್ದಲದ ನಡುವೆಯೂ ಟವರ್‌ನ ದನಿ ಎಲ್ಲರಿಗೂ ಗಟ್ಟಿಯಾಗಿಯೇ ಕೇಳುತ್ತಿರುತ್ತದೆ. ಅದಕ್ಕೇ ನಾಲ್ಕೂ ಗೆರೆ.

ಇಂಥ ಹೊತ್ತಿನಲ್ಲಿ ನಮ್ಮ ಕೈ ತಾನಾಗಿ ಏರೋಪ್ಲೇನ್ ಮೋಡ್ ಕಡೆಗೆ ಹೋಗುತ್ತದೆ. ಜಾತ್ರೆಯಲ್ಲಿ ಹಾಗೆ ಮಾಡಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದನ್ನು ಒತ್ತಿದೊಡನೆ ನೆಟ್ಟಗಿದ್ದ ಸೆಷನ್ ಅನ್ನು ನಾವೇ ಮುಚ್ಚುತ್ತೇವೆ. ತೆಗೆದಾಗ ನೋಂದಣಿ, ಸಿಮ್ ಪರೀಕ್ಷೆ, ಐಎಂಎಸ್ ಸೆಷನ್, ಇಂಟರ್ನೆಟ್ ಸೆಷನ್ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಒಮ್ಮೆ ಕೈ ಎತ್ತಿ ಮುಗಿಯುತ್ತಿದ್ದ ಕೆಲಸಕ್ಕೆ ಹತ್ತಾರು ಸಂದೇಶಗಳು, ಅದೂ ಅದೇ ಇಕ್ಕಟ್ಟಿನ ಬಾಗಿಲ ಮೂಲಕ. ಸಾವಿರಾರು ಜನ ಹೀಗೆ ಮಾಡಿದರೆ ಭಾರ ಟವರ್ ದಾಟಿ ಕೋರ್‌ಗೂ ತಟ್ಟುತ್ತದೆ. ಆಗ ಎಸ್‌ಎಂಎಫ್ ಹೊಸ ಕೋರಿಕೆಗಳನ್ನು ನಿರಾಕರಿಸಿ, "ಇಷ್ಟು ಹೊತ್ತು ಮತ್ತೆ ಕೇಳಬೇಡ" ಎಂದು ಗಡುವು ಕೊಟ್ಟು ಕಳಿಸುತ್ತದೆ. ಗಡುವು ಮುಗಿಯುವವರೆಗೆ ಫೋನ್ ಕೇಳುವುದೂ ಇಲ್ಲ. ಮನೆಯಲ್ಲಿ ಒಬ್ಬರೇ ಇದ್ದು, ಸುತ್ತಲಿನವರ ಫೋನ್ ಎಲ್ಲ ಸರಿಯಿದ್ದು, ನಿಮ್ಮದು ಮಾತ್ರ ಹಟ ಹಿಡಿದಿದ್ದರೆ ಏರೋಪ್ಲೇನ್ ಮೋಡ್ ಒಳ್ಳೆಯ ಮದ್ದು. ಆಗ ಫೋನಿನ ಲೆಕ್ಕವೂ ಕೋರ್‌ನ ಲೆಕ್ಕವೂ ತಾಳೆ ತಪ್ಪಿರಬಹುದು, ಹೊಸ ಕಡತ ಅದನ್ನು ಸರಿಪಡಿಸುತ್ತದೆ. ಜಾತ್ರೆಯ ಜನಸಂದಣಿಗೆ ಅದು ಮದ್ದಲ್ಲ.

ರಾತ್ರಿ ಹತ್ತರ ಮೇಲೆ, ಮಿರ್ಚಿ ತಿಂದು ವಾಪಸಾಗುವಾಗ, ಅದೇ ಅಂಗಡಿಯ ಮುಂದೆ ಹಾದೆವು. ಅಜ್ಜಿ ಬಳೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಎಲೆ ಅಡಿಕೆಯ ಸಂಚಿಯಿಂದ ಅವರ ಕೀಪ್ಯಾಡ್ ಫೋನ್ ಜಾರಿ ನೆಲಕ್ಕೆ ಬಿತ್ತು. ಬ್ಯಾಟರಿ ಒಂದು ಕಡೆ, ಮುಚ್ಚಳ ಒಂದು ಕಡೆ. ಮಗಳು ಎಲ್ಲವನ್ನೂ ಆರಿಸಿಕೊಟ್ಟಳು. "ಇರಲಿ ಬಿಡವ್ವಾ, ಮನೆಗೆ ಹೋಗಿ ಕೂಡಿಸಿಕೊಳ್ಳುತ್ತೇನೆ" ಎಂದು ಬಿಡಿಬಿಡಿಯಾಗಿಯೇ ಸಂಚಿಗೆ ಹಾಕಿಕೊಂಡರು.

ಬಟನ್ ಒತ್ತಿ ಆಫ್ ಮಾಡಿದ್ದರೆ ಫೋನ್ "ಹೋಗಿಬರುತ್ತೇನೆ" ಎಂದು ಕೋರ್‌ಗೆ ಹೇಳಿ ಹೋಗುತ್ತಿತ್ತು. ಕಡತ ಆಗಲೇ ಮುಚ್ಚುತ್ತಿತ್ತು, ವಿಳಾಸ ಇನ್ನೊಬ್ಬರಿಗೆ ಸಿಗುತ್ತಿತ್ತು. ಬ್ಯಾಟರಿ ಹಾರಿಹೋದ ಫೋನ್ ಏನನ್ನೂ ಹೇಳಲಾರದು. ನಿಗದಿತ ಅವಧಿಗೊಮ್ಮೆ "ಇದ್ದೇನೆ" ಎಂದು ಹೇಳಬೇಕಾದದ್ದು ಫೋನಿನ ಕರ್ತವ್ಯ. ಕಂಪನಿ ಬೇರೆ ಬೆಲೆ ಇಡದಿದ್ದರೆ ಮಾನದಂಡದ ಪ್ರಕಾರ ಆ ಅವಧಿ 54 ನಿಮಿಷ. ಕೋರ್ ಅದರ ಮೇಲೆ ಇನ್ನೂ 4 ನಿಮಿಷ ಕಾಯುತ್ತದೆ. ಆಮೇಲೂ ಒಮ್ಮೆಲೇ ಹೆಸರು ಹೊಡೆದುಹಾಕದೆ ಇನ್ನೊಂದು ಗಡುವು ಕೊಟ್ಟು ನೋಡುತ್ತದೆ. ಅದೂ ಮುಗಿದರೆ ನೋಂದಣಿ ರದ್ದಾಗುತ್ತದೆ, ಅದರ ಹಿಂದೆಯೇ ಸೆಷನ್ ಬಿಡುಗಡೆಯಾಗುತ್ತದೆ. ಅಜ್ಜಿ ಪೆಟ್ಟಿಗೆ ಹೊತ್ತು ಮನೆ ಸೇರಿ ಬ್ಯಾಟರಿ ಕೂಡಿಸುವವರೆಗೂ, ದೂರದ ಯಾವುದೋ ಊರಿನ ಯಂತ್ರವೊಂದು ಅವರ ವಿಳಾಸವನ್ನು ಬೇರೆ ಯಾರಿಗೂ ಕೊಡದೆ ಹಿಡಿದುಕೊಂಡು ಕುಳಿತಿರುತ್ತದೆ.